ಗ್ಯಾರೇಜಿನ ಬಾಣಂತಿ ಕೋಣೆ

ಬ್ಯಾಡಗಿ,
ಶನಿವಾರ, ೧೪ ಡಿಸೆಂಬರ್ ೨೦೨೪

ಪ್ರೀತಿಯ ಸ್ನೇಹವ್ವಾ,

ನಿನ್ನ ಅಪ್ಪನ ಆಶೀರ್ವಾದಗಳು. ಹೇಗಿದ್ದೀ ತಾಯೀ? ಕಾಲಿನ ಬಾವು ಇಳಿಯಿತೋ ಇಲ್ಲವೋ? ಬೀಜದ ಕಂಪನಿಯ ಲ್ಯಾಬಿನಲ್ಲಿ ದಿನವಿಡೀ ನಿಂತು ಕೆಲಸ ಮಾಡಬೇಡ, ಒಂದು ಸ್ಟೂಲು ಕೇಳಿ ತೆಗೆದುಕೋ. ನಿಂತು ಎಣಿಸಿದರೆ ಮಾತ್ರ ಮೊಳೆಯುತ್ತೇನೆ ಎಂದು ಯಾವ ಬೀಜವೂ ಹಟ ಹಿಡಿದಿದ್ದನ್ನು ನಾನು ಕೇಳಿಲ್ಲ. ಎದೆಯುರಿಗೆ ತಣ್ಣನೆಯ ಹಾಲು ಕುಡಿ. ಅಳಿಯ ಸಿದ್ದಲಿಂಗೇಶ ಅಡಿಗೆ ಕಲಿಯುತ್ತಿದ್ದಾರೆಂದು ತಿಳಿದು ಸಂತೋಷವಾಯಿತು. ಅವರು ಮಾಡಿದ್ದನ್ನು ನೀನು ತಿನ್ನುತ್ತಿದ್ದೀ ಎಂದು ತಿಳಿದು ಚಿಂತೆಯೂ ಆಯಿತು. ಹೊಟ್ಟೆಯೊಳಗಿನ ಸಾಹೇಬರೋ ಬಾಯಿಸಾಹೇಬರೋ ಒದೆಯುತ್ತಿದ್ದರೆ ಒದೆಯಲಿ ಬಿಡು. ಅವರ ತಾಯಿ ನನ್ನ ಮಡಿಲಲ್ಲಿ ಮಲಗಿ ಒದ್ದದ್ದರ ಗುರುತು ನನ್ನ ಕನ್ನಡಕದ ಮೇಲೆ ಇನ್ನೂ ಇದೆ.

ಇತ್ತ ನಾವೆಲ್ಲರೂ ಕ್ಷೇಮ. ಇದನ್ನು ಕಾಗದದ ಶಾಸ್ತ್ರಕ್ಕೆಂದು ಬರೆಯಲಿಲ್ಲ. ಬರೆಯುವ ಮುಂಚೆ ಎದ್ದು ಹೋಗಿ ಮನೆಯವರನ್ನೆಲ್ಲ ಒಮ್ಮೆ ಎಣಿಸಿ ಬಂದು, ಲೆಕ್ಕ ಸರಿಯಿದೆ ಎಂದು ಖಾತ್ರಿಯಾದ ಮೇಲೆ ಬರೆದೆ. ಯಾಕೆಂಬುದು ಮುಂದೆ ಗೊತ್ತಾಗುತ್ತದೆ. ಗಾಬರಿಯಾಗಬೇಡ, ಕಥೆ ಸುಖಾಂತವಾಗಿಯೇ ಇದೆ. ಕಥೆ ಹೇಳುವವನ ಮಾನ ಮಾತ್ರ ಉಳಿದಿಲ್ಲ.

ಬಸ್ಸು ಹತ್ತಿ ಒಂದು ಸಣ್ಣ ನಿದ್ದೆ ತೆಗೆದರೆ ರಾಣೆಬೆನ್ನೂರು ಬರುತ್ತದೆ, ಕೈಯಲ್ಲಿ ಮೊಬೈಲು ಇದೆ, ಆದರೂ ಈ ಮನುಷ್ಯ ಯಾಕೆ ಪತ್ರ ಬರೆಯುತ್ತಿದ್ದಾನೆ ಎಂದು ಕೇಳುತ್ತೀ. ನಮ್ಮ ಮನೆಯಲ್ಲಿ ಫೋನು ಬಂತೆಂದರೆ ಅದು ಊರ ಸಭೆ. ನಿನ್ನವ್ವ ಸ್ಪೀಕರ್ ಹಾಕುತ್ತಾಳೆ, ನಿನ್ನ ಅಜ್ಜಿ ಮುಖ ಆಚೆ ತಿರುಗಿಸಿ ಕಿವಿಯನ್ನು ಈಚೆ ಇಡುತ್ತಾಳೆ. ನಿನ್ನ ಸೀಮಂತದ ಕುಬಸದ ದಿನ ನೀನು ಅಂದ ಮಾತಿನ ಮೇಲೆ ನೀನೂ ಅಜ್ಜಿಯೂ ಮಾತು ಬಿಟ್ಟು ಇವತ್ತಿಗೆ ನಲವತ್ತು ದಿನ. ಹಸಿರು ಸೀರೆ ಉಟ್ಟು, ಕೈತುಂಬ ಬಳೆ ಇಟ್ಟುಕೊಂಡು, ಉಡಿ ತುಂಬಿಸಿಕೊಳ್ಳುತ್ತ ಕೂತವಳು ನೀನು ಎಲ್ಲರೆದುರು ಅಂದುಬಿಟ್ಟೆ: "ಅಪ್ಪಾ, ಬಾಣಂತನಕ್ಕ ನಾ ಬ್ಯಾಡಗಿಗೆ ಬರಂಗಿಲ್ಲ. ಅಜ್ಜಿ ಕ್ವಾಣ್ಯಾಗ ನಾ ಉಸರುಗಟ್ಟಿ ಸಾಯ್ತೇನಿ." ನೀನು ಹತ್ತು ವರ್ಷದವಳಿದ್ದಾಗ ನನ್ನ ತಂಗಿ, ನಿನ್ನ ಗಂಗತ್ತಿಯ ಬಾಣಂತನ ನೋಡಿದವಳು. ಆಗ ನಿನ್ನ ಅಜ್ಜಿ ಕಿಟಕಿಗೆ ಕೌದಿ ಹೊಡೆದು, ಬಾಗಿಲ ಸಂದಿಗೆ ಗೋಣಿ ತುರುಕಿ, ಕೀಲಿಯ ತೂತಿಗೂ ಅರಳೆ ಇಟ್ಟಿದ್ದಳು. "ಬಾಣಂತಿ ಕ್ವಾಣಿ ಅಂದ್ರ ಇರುವಿ ಸೈತ ಬಾಗಲಾ ಬಡದು ಒಳಗ ಬರಬೇಕು" ಎಂಬುದು ಅವಳ ಕಾನೂನು. ಮಲಗುವ ಹೊರಸಿನ ಕೆಳಗೆ ಸಗಣಿಯ ಕುಳ್ಳಿನ ಬೆಂಕಿಯ ಅಗ್ಗಿಷ್ಟಿಕೆ, ಮೇಲೆ ಲೋಬಾನದ ಹೊಗೆ. ಗಂಗಾ ಒಳಗೆ ಕೆಮ್ಮುತ್ತಿದ್ದಳು, ನೀನು ಹೊರಗೆ ನಿಂತು ಅಳುತ್ತಿದ್ದೆ.

ನೀನು ಹಾಗಂದ ಮೇಲೆ ನಿನ್ನ ಅಜ್ಜಿ ಉಡಿಯಕ್ಕಿಯ ತಟ್ಟೆಯನ್ನು ಅಲ್ಲೇ ಇಟ್ಟು ಎದ್ದು ಹೋದಳು. "ಗಾಳಿ ಅಂದ್ರ ಏನಂತ ಈ ಹುಡಿಗಿಗೆ ಗೊತ್ತಿಲ್ಲ" ಎಂದಳು. ಅದೊಂದು ಮುದುಕಿಯ ಹಟ ಎಂದು ನಾನೂ ತಿಳಿದೆ, ನೀನೂ ತಿಳಿದೆ. ಇಬ್ಬರೂ ಫೇಲು. ಅದನ್ನು ಹೇಳುವುದಕ್ಕೇ ಈ ಕಾಗದ.

ಆ ದಿನದಿಂದ ನನಗೆ ಒಂದೇ ಧ್ಯಾಸ: ಹೊಗೆಯಿಲ್ಲದ, ಬೆಚ್ಚಗಿನ, ಮಗಳು ಒಪ್ಪುವ, ಅವ್ವನೂ ಒಪ್ಪುವ ಒಂದು ಬಾಣಂತಿ ಕೋಣೆ. ಮಹಡಿಯ ಮೇಲಿನ ಕೋಣೆಗೆ ಮೆಟ್ಟಿಲು ಹತ್ತಬೇಕು, ಅದು ಬೇಡ. ಕೆಳಗೆ ಉಳಿದದ್ದು ನಮ್ಮ ಗ್ಯಾರೇಜು. ಅದರ ಚರಿತ್ರೆ ನಿನಗೆ ಗೊತ್ತಿದೆ. ಕಾರು ತರುವ ಹುಮ್ಮಸ್ಸಿನಲ್ಲಿ ಕಟ್ಟಿಸಿದೆ, ಕಾರು ಬರಲಿಲ್ಲ, ಸ್ಕೂಟರು ಅಷ್ಟು ದೊಡ್ಡ ಮನೆಯಲ್ಲಿ ಒಂಟಿಯಾಗಿ ಹತ್ತು ವರ್ಷ ಬಾಳಿತು. ಬ್ಯಾಡಗಿಯಲ್ಲಿ ಒಂದು ಕೋಣೆ ಖಾಲಿ ಇದ್ದರೆ ಅದರೊಳಗೆ ಮೆಣಸಿನಕಾಯಿ ತಾನಾಗಿಯೇ ನಡೆದು ಬರುತ್ತದೆ, ಹಾಗೆ ನಿನ್ನವ್ವನ ತವರಿನವರ ಚೀಲಗಳು ಬಂದು ಕೂತವು. ದೀಪಾವಳಿಯ ಮೇಲೆ ಅವನ್ನು ಸಾಗಹಾಕಿ, ಸುಣ್ಣ ಹೊಡೆಸಿ, ರೋಲಿಂಗ್ ಶಟರಿಗೆ ಹಸಿರು ಬಣ್ಣ ಬಳಿಸಿದೆ. ಒಳಗಡೆಯಿಂದಲೇ ಬಚ್ಚಲಿಗೆ ಬಾಗಿಲಿದೆ, ಬಾಣಂತಿಗೆ ಬಿಸಿನೀರು ಹತ್ತಿರ. ಓಣಿಯವರು ಕೇಳುವುದನ್ನು ಬಿಡಲಿಲ್ಲ ಬಿಡು. ಹಾಲಿನ ಚೌಡವ್ವ ಮುಂಜಾನೆ ಮುಂಜಾನೆಯೇ, "ಮಾಸ್ತರ, ಗ್ಯಾರೇಜಿನ್ಯಾಗ ಬಾಣಂತನ ಅಂತಲ್ರಿ? ಕೂಸಿಗೆ ಆಯಿಲ್ ಬದಲಿ ಎಷ್ಟ ಕಿಲೋಮೀಟರಿಗ್ರಿ?" ಎಂದು ಕೇಳಿ ಹೋದಳು.

ಇನ್ನು ಕೋಣೆ ಕಾಯಿಸುವ ಪ್ರಶ್ನೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ಚಂದ್ರಪ್ಪ ಮಾಸ್ತರರು ಅಗ್ಗಿಷ್ಟಿಕೆಯನ್ನು ಬಹಿಷ್ಕರಿಸಿ, ಅದರ ಜಾಗದಲ್ಲಿ ಒಂದು ಮಹಾನ್ ಆವಿಷ್ಕಾರವನ್ನು ಲೋಕಕ್ಕೆ ಕೊಟ್ಟರು. ಬಚ್ಚಲಲ್ಲಿದ್ದ ಗ್ಯಾಸ್ ಗೀಸರನ್ನು ಕಿತ್ತು ಗ್ಯಾರೇಜಿನ ಗೋಡೆಗೆ ಹಾಕಿಸಿದೆ. ಅದರ ಬಿಸಿನೀರು ಒಂದು ಹಳೆಯ ಜೀಪಿನ ರೇಡಿಯೇಟರಿನೊಳಗೆ ಹರಿಯಬೇಕು. ಆ ರೇಡಿಯೇಟರನ್ನು ನಿಮ್ಮ ಊರಿನ ಗುಜರಿಯಲ್ಲೇ ಹುಡುಕಿ ತಂದದ್ದು. ರೇಡಿಯೇಟರಿನ ಹಿಂದೆ ಒಂದು ಟೇಬಲ್ ಫ್ಯಾನು, ಅದು ಬಿಸಿಗಾಳಿಯನ್ನು ಕೋಣೆಗೆ ಬೀಸುತ್ತದೆ. ನೀರು ಅಲ್ಲಿಂದ ಒಂದು ಡ್ರಮ್ಮಿಗೆ ಬಂದು, ಸಣ್ಣ ಪಂಪಿನಿಂದ ಮತ್ತೆ ಗೀಸರಿಗೆ. ಹೊಗೆಯಿಲ್ಲ, ಬೂದಿಯಿಲ್ಲ, ವಾಸನೆಯಿಲ್ಲ. "ಹೊಗೆ ಇಲ್ಲಂದ್ರ ಅಪಾಯನೂ ಇಲ್ಲ" ಎಂದು ನಿನ್ನವ್ವನಿಗೆ ಪಾಠ ಮಾಡಿದೆ. ನೀಲಿ ಜ್ವಾಲೆ ಉರಿಯುವುದನ್ನು ನೋಡಿ ನನಗೆ ನನ್ನ ಮೇಲೆಯೇ ಗೌರವ ಬಂತು ತಾಯೀ. ನಿವೃತ್ತಿಯ ದಿನ ಶಾಲು ಹೊದಿಸಿದಾಗಲೂ ಅಷ್ಟು ಬಂದಿರಲಿಲ್ಲ.

ಒಂದೇ ಒಂದು ಕೊರತೆ. ಗೀಸರು ಇಪ್ಪತ್ತು ನಿಮಿಷ ಉರಿದು ತಾನೇ ಆರಿಬಿಡುತ್ತಿತ್ತು. ನಾನು ನಲ್ಲಿ ಮುಚ್ಚಿ ತೆಗೆದರೆ ಮತ್ತೆ ಹೊತ್ತುತ್ತಿತ್ತು, ಮತ್ತೆ ಇಪ್ಪತ್ತು ನಿಮಿಷಕ್ಕೆ ಆರುತ್ತಿತ್ತು. ಹಿಂದಿನ ಬೆಂಚಿನ ಹುಡುಗರಿಗೆ ನಿದ್ದೆ ಬರುವುದೂ ಅಷ್ಟೇ ಹೊತ್ತಿಗೆ, ಆದ್ದರಿಂದ ಇದು ಸೋಮಾರಿ ಯಂತ್ರ ಎಂದು ತೀರ್ಮಾನಿಸಿ, ಇಪ್ಪತ್ತು ನಿಮಿಷಕ್ಕೊಮ್ಮೆ ಹೋಗಿ ಕಿವಿ ಹಿಂಡಿ ಬರುತ್ತಿದ್ದೆ. ಗೀಸರ್ ರಿಪೇರಿಯ ಮಲ್ಲಿಕಸಾಬನಿಗೆ ಫೋನು ಮಾಡಿ, "ಈ ತಾನ ಆರಿ ಹೋಗೂ ಚಟಾ ಒಂದ ಬಿಡಿಸಿ ಕೊಡಪಾ" ಎಂದೆ. ಅವನು ಮಂಗಳವಾರ ಬರುತ್ತೇನೆಂದ.

ಆದರೆ ನಿನ್ನ ಅಜ್ಜಿ ಯಾವ ಯಂತ್ರವನ್ನೂ ಪರೀಕ್ಷೆ ಮಾಡದೆ ಪಾಸು ಮಾಡುವವಳಲ್ಲ. "ನನ್ನ ಮೊಮ್ಮಗಳ್ನ ಮಲಗಸೂ ಕ್ವಾಣ್ಯಾಗ ಮೊದಲ ನಾ ಮಲಗಿ ನೋಡತೇನಿ" ಎಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ತಲೆಗೆ ಸ್ಕಾರ್ಫು ಕಟ್ಟಿ, ಕಿವಿಗೆ ಅರಳೆ ಇಟ್ಟು, ಕಾಲಿಗೆ ನನ್ನ ಕಾಲುಚೀಲ ಹಾಕಿಕೊಂಡು, ಎಂಬತ್ತೊಂದನೆಯ ವಯಸ್ಸಿನಲ್ಲಿ ಬಾಣಂತಿಯಾಗಿ ಮಲಗಿದಳು. ಮಗ್ಗುಲಲ್ಲಿ ಕೂಸಿನ ಬದಲು ಒಂದು ಸಣ್ಣ ದಿಂಬು. ನಾನು ನಕ್ಕೆ. "ನಗಬ್ಯಾಡೋ, ಕೂಸ ಎದ್ದೀತು" ಎಂದಳು. ನಿನ್ನೊಡನೆ ಮಾತು ಬಿಟ್ಟಿದ್ದವಳು ನಿನಗಾಗಿ ಹೀಗೆ ತಯಾರಿ ನಡೆಸಿದ್ದಳು, ಗೊತ್ತಿರಲಿ.

ಎರಡು ತಾಸಿನ ನಂತರ ಎದ್ದು ಬಂದು, ತಲೆ ಸಿಡಿಯುತ್ತಿದೆ ಎಂದಳು. ಪಕ್ಕದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದ ನಿನ್ನವ್ವನಿಗೂ ತಲೆನೋವು. ಈಗ ನಮ್ಮ ಊರಿನ ಬುದ್ಧಿ ಹೇಗೆ ಓಡಿತು ನೋಡು. ಬ್ಯಾಡಗಿಯಲ್ಲಿ ತಲೆ ನೋಯಲಿ, ಕಣ್ಣು ಉರಿಯಲಿ, ಸೊಸೆ ಸಿಡುಕಲಿ, ಅಪರಾಧಿ ಒಬ್ಬನೇ: ಮೆಣಸಿನಕಾಯಿ. "ಹ್ವಾದ ವರ್ಷದ ಘಾಟು ಗ್ವಾಡ್ಯಾಗ ಹೊಕ್ಕೊಂಡ ಕುಂತೈತ್ರಿ" ಎಂದಳು ನಿನ್ನವ್ವ. ಮದುವೆ, ಮುಂಜಿವೆ, ಬಸ್‌ಸ್ಟ್ಯಾಂಡು, ಎಲ್ಲಿ ಕಂಡರೂ ಪರಊರಿನವರಿಗೆ "ನಮ್ಮ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ" ಎಂದು ಭಾಷಣ ಮಾಡುವ ನಾನು ಆ ಹೊತ್ತಿಗೆ ಅದನ್ನೆಲ್ಲ ಮರೆತು ಹೂಂ ಅಂದೆ. ಸೋಮವಾರ ನೆಲವನ್ನು ಹುಣಸೆಹುಳಿ ಹಾಕಿ ತಿಕ್ಕಿಸಿ, ಗೋಡೆಗೆ ಇನ್ನೊಂದು ಸುತ್ತು ಸುಣ್ಣ ಹೊಡೆಸಿ, ಮಧ್ಯಾಹ್ನ ಮತ್ತೆ ಬಾಣಂತಿಯನ್ನು ಮಲಗಿಸಿದೆವು. ಎದ್ದವಳಿಗೆ ತಲೆನೋವಿನ ಜೊತೆಗೆ ವಾಂತಿ. ಮುಂಜಾನೆ ತಿಂದ ಮಂಡಕ್ಕಿ ಒಗ್ಗರಣೆಯ ಮೆಣಸಿನಕಾಯಿ ಎಂದು ಆ ಕೇಸನ್ನೂ ಮುಗಿಸಿದೆವು.

ಮಂಗಳವಾರ ನಾನು ಮಾಡಿದ ಕೆಲಸವನ್ನು ಬರೆಯಲು ಕೈ ಏಳುವುದಿಲ್ಲ, ಆದರೂ ಬರೆಯುತ್ತೇನೆ. ಗೋಡೆಯಲ್ಲಿ ಘಾಟು ಇಲ್ಲವೆಂದ ಮೇಲೆ ರಸ್ತೆಯಿಂದ ಬರುತ್ತಿರಬೇಕು. ಮಾರ್ಕೆಟ್ಟಿಗೆ ಹೋಗುವ ಮೆಣಸಿನಕಾಯಿ ಲಾರಿಗಳೆಲ್ಲ ನಮ್ಮ ಮನೆ ಮುಂದೆಯೇ ಹೋಗುತ್ತವಲ್ಲ. ಆದ್ದರಿಂದ ನಾನು, ವಿಜ್ಞಾನದ ಮಾಸ್ತರ, ಶಟರಿನ ಕೆಳಗಿನ ಸಂದಿಗೆ ಗೋಣಿ ತುರುಕಿದೆ. ಕಿಟಕಿಯ ಸುತ್ತ ನಿನ್ನವ್ವನ ಹಳೆಯ ಸೀರೆ ಹರಿದು ತುಂಬಿದೆ. ಬಚ್ಚಲ ಬಾಗಿಲಿಗೂ ಬಟ್ಟೆ. ನಿನ್ನ ಅಜ್ಜಿ ಸಂತೋಷದಿಂದ ನೋಡಿದಳು, "ಈಗ ಬಂದಿ ನೋಡು ದಾರಿಗೆ" ಎಂದು ದಿಂಬು ಅವಚಿಕೊಂಡು ಮತ್ತೆ ಮಲಗಿದಳು. ಅರ್ಧ ಆಯುಷ್ಯ ಅವಳ ಜೊತೆ ಈ ವಿಷಯಕ್ಕೆ ಜಗಳವಾಡಿದ ನಾನು ಕೊನೆಗೆ ಅವಳಿಗಿಂತ ಚೆನ್ನಾಗಿ ಸಂದಿ ಮುಚ್ಚಿ ಶಹಬ್ಬಾಸ್ ಗಿಟ್ಟಿಸಿದೆ. ಗೀಸರ್ ಹೊತ್ತಿಸಿ, ಇಪ್ಪತ್ತು ನಿಮಿಷಕ್ಕೊಮ್ಮೆ ಕಿವಿ ಹಿಂಡುತ್ತ ಕೂತೆ. ಮೂರನೆಯ ಸಲ ನೋಡಿದಾಗ ಜ್ವಾಲೆ ನೀಲಿ ಇರಲಿಲ್ಲ, ಅರಿಸಿನ ಬಣ್ಣಕ್ಕೆ ತಿರುಗಿತ್ತು. ಚೆಂದ ಕಂಡಿತು. ಅವ್ವ ನಿದ್ದೆ ಮಾಡಿದ್ದಾಳೆ ಎಂದುಕೊಂಡು ಸದ್ದಾಗದಂತೆ ಬಚ್ಚಲ ಬಾಗಿಲು ಎಳೆದು, ಸಂದಿಗೆ ಮತ್ತೆ ಬಟ್ಟೆ ಒತ್ತಿ ಬಂದೆ.

ನಾಲ್ಕು ಗಂಟೆಗೆ ಮಲ್ಲಿಕಸಾಬ ತನ್ನ ಸ್ಕೂಟರಿನಲ್ಲಿ ಬಂದ. ಚಹಾ ಕುಡಿ ಅಂದೆ, ಮೊದಲು ಯಂತ್ರ ತೋರಿಸ್ರಿ ಅಂದ. ಎಲ್ಲಿ ಹಾಕಿದ್ದೀರಿ ಎಂದು ಕೇಳಿದ. ನಾನು ಹೆಮ್ಮೆಯಿಂದ ಮುಚ್ಚಿದ ಶಟರನ್ನು ತೋರಿಸಿದೆ. ಅವನು ಕೆಳಗಿನ ಗೋಣಿ ನೋಡಿದ. ಕಿಟಕಿಯ ಸೀರೆ ನೋಡಿದ. "ಸರ, ಒಳಗ ಯಾರರ ಅದಾರೇನ್ರಿ?" ಎಂದ. ಅವ್ವ ಮಲಗಿದ್ದಾಳೆ ಎಂದೆ. ಅಷ್ಟೇ. ನಲವತ್ತು ವರ್ಷದ ಆ ಮನುಷ್ಯ ಕೈಯಲ್ಲಿದ್ದ ಚೀಲ ಒಗೆದು, "ಶಟರ್ ಎತ್ತರ್ರಿ, ಲಗೂನ ಎತ್ತರ್ರಿ!" ಎಂದು ಚೀರಿದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಇಬ್ಬರೂ ಎತ್ತಿದೆವು. ಅವನು ಉಸಿರು ಬಿಗಿಹಿಡಿದು ಒಳಗೆ ನುಗ್ಗಿ, ಸಿಲಿಂಡರ್ ಬಂದ್ ಮಾಡಿ, ನಿನ್ನ ಅಜ್ಜಿಯನ್ನು ಕೌದಿಯ ಸಮೇತ ಎತ್ತಿಕೊಂಡು ಬಂದು ಅಂಗಳದಲ್ಲಿ ಮಲಗಿಸಿದ. ಕೂಗಿದರೆ ಕಣ್ಣು ತೆರೆಯುತ್ತಿದ್ದಳು, ಮಾತು ಬರುತ್ತಿರಲಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು. ಬಗಲಲ್ಲಿ ಆ ದಿಂಬನ್ನು ಬಿಟ್ಟಿರಲಿಲ್ಲ ತಾಯೀ.

ಆಟೋದಲ್ಲಿ ದವಾಖಾನೆಗೆ ಒಯ್ದೆವು. ಕೂಡಲೇ ಆಕ್ಸಿಜನ್ ಹಚ್ಚಿದರು. ಡಾಕ್ಟರು, "ಇನ್ನರ್ಧ ತಾಸು ತಡಾ ಆಗಿದ್ರ..." ಎಂದು ನನ್ನ ಮುಖ ನೋಡಿ ವಾಕ್ಯವನ್ನು ಪೂರ್ತಿ ಮಾಡಲಿಲ್ಲ. ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಮಲ್ಲಿಕಸಾಬ ಪಕ್ಕದಲ್ಲಿ ಕೂತ. ಮೆಲ್ಲಗೆ ಅಂದ: "ಸರ, ಅದು ಆರಾಕತ್ತಿದ್ದು ಚಟಾ ಅಲ್ರಿ. ಅದು ಝಳಕಾ ಮಾಡಾಕ ಮಾಡಿದ್ದು, ಒಂದ ಬಕೀಟು ಕಾಸಾಕ. ಭಾಳ ಹೊತ್ತು ಉರಸಬಾರದಂತನ ಕಂಪನ್ಯಾಗ ಹಂಗ ಇಟ್ಟಿರ್ತಾರ. ಮುಚ್ಚಿದ ಕ್ವಾಣ್ಯಾಗ ಉರದ್ರ ಗಾಳಿ ತಿಂದು ವಿಷ ಉಗಳತೈತಿ. ನೀವ ಕಲಿಸಿದ್ರಲ್ರಿ ನಮಗ, ಇಂಗಾಲದ ಮಾನಾಕ್ಸೈಡು. ಬಣ್ಣ ಇಲ್ಲ, ವಾಸನಿ ಇಲ್ಲ, ವಿಷ. ಎರಡ ಮಾರ್ಕಿಂದು."

ಹೌದು ಸ್ನೇಹಾ. ಎರಡು ಅಂಕದ ಪ್ರಶ್ನೆ. ಮೂವತ್ತೊಂದು ವರ್ಷ ಕೇಳಿದ್ದೇನೆ. ವಾಸನೆಯಿಲ್ಲ ಎಂದು ಬರೆಯುವುದನ್ನು ಮರೆತವರಿಗೆ ಅರ್ಧ ಅಂಕ ಕತ್ತರಿಸಿದ್ದೇನೆ. ಇದೇ ಮಲ್ಲಿಕಸಾಬನನ್ನು ಅದೇ ಪ್ರಶ್ನೆಗೆ ಬೆಂಚಿನ ಮೇಲೆ ನಿಲ್ಲಿಸಿದ್ದೆನಂತೆ. "ಅವತ್ತ ನಿಲ್ಲಿಸಿದ್ರಿ ಅಂತನ ತಲ್ಯಾಗ ಉಳೀತ್ರಿ ಸರ" ಎಂದು ಅವನು ನನಗೇ ಸಮಾಧಾನ ಹೇಳಿದ. ಕಲಿಸಿದವನಿಗೆ ನೆನಪಿರಲಿಲ್ಲ, ಬೆಂಚಿನ ಮೇಲೆ ನಿಂತವನು ನೆನಪಿಟ್ಟ. ಬ್ಯಾಡಗಿಯ ಮೆಣಸಿನಕಾಯಿ ಮೂರು ದಿನ ಸುಳ್ಳು ಆರೋಪ ಹೊತ್ತಿದ್ದಕ್ಕೆ ನಾನು ಮನಸ್ಸಿನಲ್ಲೇ ಕ್ಷಮೆ ಕೇಳಿದ್ದೇನೆ.

ಸಂಜೆಗೆ ನಿನ್ನ ಅಜ್ಜಿಗೆ ಮಾತು ಬಂತು. ಬಂದ ಕೂಡಲೇ ಮೂಗಿನ ಮುಖವಾಡ ಕಿತ್ತು ಹಾಕಿ ನರ್ಸಿನ ಕೈಯಲ್ಲಿ ಬೈಸಿಕೊಂಡಳು, ಅಂದರೆ ಪ್ರಕೃತಿ ಸರಿಹೋಯಿತು. ಏನಾಯಿತೆಂದು ಕೇಳಿದಳು. ಮಲ್ಲಿಕಸಾಬ ತಾಳ್ಮೆಯಿಂದ ಹೇಳಿದ: ಬೆಂಕಿ ಇದ್ದಲ್ಲಿ ಗಾಳಿ ಆಡಬೇಕು, ಗೀಸರಾಗಲಿ, ಇದ್ದಿಲಾಗಲಿ, ಕುಳ್ಳಾಗಲಿ, ಕೋಣೆ ಮುಚ್ಚಿದರೆ ಅದೇ ವಿಷ. ಅವಳು ಮೊಣಕೈ ಊರಿ ಅರ್ಧ ಎದ್ದಳು. ಆಮೇಲೆ ಕೇಳಿದಳು, "ಹಂಗಾದ್ರ ಬೆಂಕಿ ಇದ್ದ ಕ್ವಾಣಿಗೆ ಕಿಟಕಿ ತಗದ್ರ ಚಲೋನೋ, ಕೆಟ್ಟೋ?" ಅವನು, "ಚಲೋ ಅಲ್ಲೇನಬೇ ಅಮ್ಮಾ? ಕಿಟಕಿ ಅಲ್ಲೇನು ಜೀವಾ ಉಳಿಸೂದು" ಎಂದ. ಅವಳು ಗೋಡೆಯ ಕಡೆ ಮಗ್ಗುಲಾದಳು. ಬೆನ್ನು ಅಲುಗುತ್ತಿತ್ತು. ಎಂಬತ್ತೊಂದು ವರ್ಷದ ನನ್ನವ್ವ ಅಳುವುದನ್ನು ನಾನು ಅದೇ ಮೊದಲು ನೋಡಿದ್ದು. ನನ್ನಪ್ಪ ಹೋದ ದಿನವೂ ಅವಳು ಬಂದವರಿಗೆಲ್ಲ ಚಹಾ ಆಯಿತೋ ಎಂದು ಕೇಳುತ್ತ ಓಡಾಡಿದವಳು.

ಆಮೇಲೆ ಹೇಳಿದಳು. ನನಗಿಂತ ಮೊದಲು ಅವಳಿಗೊಂದು ಕೂಸು ಹುಟ್ಟಿತ್ತು. ಕದರಮಂಡಲಗಿಯ ತವರುಮನೆಯಲ್ಲಿ. ಅವಳಿಗೆ ಆಗ ಹದಿನೇಳು. ಕಿಟಕಿ ಬಾಗಿಲು ಮುಚ್ಚಿದ ಕೋಣೆ, ಹೊರಸಿನ ಕೆಳಗೆ ಕುಳ್ಳಿನ ಬೆಂಕಿ. ಅವಳ ಮಾತನ್ನೇ ಬರೆಯುತ್ತೇನೆ: "ಒಂಬತ್ತನೇ ದಿನ ನನಗ ತಲಿ ತಿರಗಾಕತ್ತು, ಎದಿ ಹಿಡದಂಗಾತು. ತಡಕೊಳ್ಳಾಕ ಆಗಲಿಲ್ಲ. ಕಿಟಕಿ ನಾಕ ಬೆಟ್ಟಿನಷ್ಟ ತಗದೆ. ಒಂದ ಗಳಿಗಿ ಅಷ್ಟ. ನಮ್ಮವ್ವ ನೋಡಿ ಬಡದು ಮುಚ್ಚಿದ್ಲು. ಮರುದಿನ ಮುಂಜಾನಿ ಕೂಸು ಏಳಲಿಲ್ಲ. ಗಾಳಿ ಸೋಕ್ತು ಅಂದ್ರು. ಕಿಟಕಿ ತಗದಾಕಿ ನಾನ ಅಲ್ಲೇನು. ಹೌದು ಅಂತ ನಾನೂ ನಂಬಿದೆ." ಹೆಣ್ಣು ಕೂಸಂತೆ. ತೊಟ್ಟಿಲಿಗೆ ಹಾಕುವ ಮುಂಚೆಯೇ ಹೋದದ್ದರಿಂದ ಹೆಸರಿಲ್ಲ. ಅರವತ್ತೆರಡನೆಯ ವಯಸ್ಸಿನಲ್ಲಿ, ದವಾಖಾನೆಯ ಕಬ್ಬಿಣದ ಸ್ಟೂಲಿನ ಮೇಲೆ ಕೂತಿದ್ದಾಗ, ನನಗೊಬ್ಬಳು ಅಕ್ಕ ಹುಟ್ಟಿದಳು ಸ್ನೇಹಾ.

ಕೌದಿ, ಗೋಣಿ, ಕೀಲಿಯ ತೂತಿನ ಅರಳೆ, ಎಲ್ಲ ಅಲ್ಲಿಂದ ಬಂದದ್ದು. ನಾನು, ಗಂಗಾ, ಆಮೇಲೆ ಗಂಗಾಳ ಮಕ್ಕಳು, ನೀನು, ನಮ್ಮಲ್ಲಿ ಒಬ್ಬರ ಹತ್ತಿರವೂ ಗಾಳಿ ಸುಳಿಯಬಾರದೆಂದು ಆಕೆ ಅರವತ್ತು ವರ್ಷ ಕಾವಲು ಕೂತಿದ್ದಳು. ನಾವು ಅದಕ್ಕೆ ಹಟ ಎಂದು ಹೆಸರಿಟ್ಟೆವು.

ಕೊನೆಗೆ ನನ್ನ ಕಡೆ ತಿರುಗಿ, "ಚಂದ್ರಾ, ಕಲತಾವ ನೀ. ಖರೇ ಹೇಳು. ಅದು ಕಿಟಕಿ ತಗದಿದ್ದಕ್ಕ ಹೋಗಿದ್ದಲ್ಲಾ?" ಎಂದಳು. ಅರವತ್ತನಾಲ್ಕು ವರ್ಷದ ಹಿಂದೆ ಒಂದು ಒಂಬತ್ತು ದಿನದ ಕೂಸು ಯಾಕೆ ಹೋಯಿತೆಂದು ಈಗ ಯಾರು ಹೇಳಬಲ್ಲರು? ಗೊತ್ತಿಲ್ಲದ ಪ್ರಶ್ನೆಗೆ ಸುಮ್ಮನೆ ಪೇಜು ತುಂಬಿಸಬೇಡಿರೋ ಎಂದು ಜನ್ಮವಿಡೀ ಮಕ್ಕಳಿಗೆ ಹೇಳಿದವನು ನಾನು. ಆದರೂ ಅವತ್ತು ಒಂದು ಉತ್ತರ ಬರೆದೆ. "ಇಲ್ಲಬೇ ಅವ್ವಾ. ಕಿಟಕಿದು ತಪ್ಪಲ್ಲ. ನಿಂದೂ ಅಲ್ಲ" ಎಂದೆ. ತಿದ್ದುವವರು ಯಾರಾದರೂ ಇದ್ದರೆ ತಿದ್ದಲಿ.

ಈಗ ಕೋಣೆಯ ವರದಿ. ಬುಧವಾರ ಅವ್ವ ಮನೆಗೆ ಬಂದಳು. ಗುರುವಾರ ಶುಕ್ರವಾರ ಎರಡು ದಿನ ಮಲ್ಲಿಕಸಾಬ ಇಲ್ಲೇ ಇದ್ದು ಎಲ್ಲವನ್ನೂ ಬದಲಿಸಿದ, ನಾನು ಸ್ಕ್ರೂ ಹಿಡಿದು ನಿಂತೆ. "ಬೆಂಕಿ ಹೊರಗ ಇರಬೇಕ್ರಿ, ಬಿಸಿ ಅಷ್ಟ ಒಳಗ ಬರಬೇಕು" ಎಂಬುದು ಅವನ ಸೂತ್ರ. ಗೀಸರು, ಸಿಲಿಂಡರು ಎರಡೂ ಈಗ ಹಿತ್ತಲ ಕಡೆಯ ಹೊರಗೋಡೆಗೆ, ಬಯಲಿನಲ್ಲಿ, ಮೇಲೊಂದು ತಗಡಿನ ನೆರಳು, ಕಿಟಕಿಯಿಂದ ದೂರ. ಒಳಗೆ ಬರುವುದು ನೀರಿನ ಪೈಪು ಮಾತ್ರ. ಗೀಸರು ಮೊದಲು ಹೊರಗಿನ ಡ್ರಮ್ಮಿನ ನೀರನ್ನು ಕಾಸುತ್ತದೆ. ಇಪ್ಪತ್ತು ನಿಮಿಷಕ್ಕೆ ಅದು ಆರಿದರೆ ಯಾರೂ ಅದರ ಕಿವಿ ಹಿಂಡುವಂತಿಲ್ಲ. ಆರಿದ ಮೇಲೆ ಪಂಪು ಆ ಬಿಸಿನೀರನ್ನು ರೇಡಿಯೇಟರಿನಲ್ಲಿ ತಿರುಗಿಸುತ್ತದೆ. ಡ್ರಮ್ಮಿನ ಮುಚ್ಚಳ ಸಡಿಲ, ಒತ್ತಡ ಏಳಬಾರದೆಂದು. ಶಟರಿನ ಕೆಳಗೆ ನಾಲ್ಕು ಬೆರಳು ಸಂದಿ, ಇಲಿ ಬರದಂತೆ ಜಾಳಿಗೆ. ವಿಷಗಾಳಿ ಬಂದರೆ ಕೂಗುವ ಒಂದು ಸಣ್ಣ ಡಬ್ಬಿಯನ್ನೂ ತರಿಸಿ ಗೋಡೆಗೆ ಹಾಕಿದ್ದೇವೆ, ಅದರ ಗಂಟಲು ಚೌಡವ್ವನದಕ್ಕಿಂತ ಜೋರು. ಅಗ್ಗಿಷ್ಟಿಕೆ ಅಟ್ಟ ಹತ್ತಿದೆ. ನಿಮ್ಮ ಬಚ್ಚಲಲ್ಲೂ ಗ್ಯಾಸ್ ಗೀಸರ್ ಇದೆಯಲ್ಲ, ಇವತ್ತೇ ಅಳಿಯಂದಿರಿಗೆ ಹೇಳು: ಅದನ್ನು ಹೊರಗೆ ಹಾಕಿಸಲಿ. ಅಲ್ಲಿಯವರೆಗೆ ಕಿಟಕಿ ತೆಗೆದು ಬಕೆಟ್ಟು ತುಂಬಿಸಿ, ಗೀಸರ್ ಆರಿಸಿ, ಆಮೇಲೆ ನೀನು ಒಳಗೆ ಹೋಗು. ತಲೆ ಸುತ್ತಿದರೆ ಬಸುರಿಗೆ ಇದೆಲ್ಲ ಇದ್ದದ್ದೇ ಎಂದು ಕೂರಬೇಡ, ಮೊದಲು ಹೊರಗೆ ಬಾ. ಮೆಣಸಿನಕಾಯಿಯ ಮೇಲಂತೂ ಹಾಕಲೇಬೇಡ.

ಇವತ್ತು ಮುಂಜಾನೆ ಆರೂವರೆಗೆ ಎದ್ದು ಗ್ಯಾರೇಜಿಗೆ ಹೋದೆ. ಕಿಟಕಿ ತೆರೆದಿತ್ತು. ನಾಲ್ಕು ಬೆರಳಲ್ಲ, ಪೂರ್ತಿ ತೆರೆದಿತ್ತು. ನಿನ್ನ ಅಜ್ಜಿ ಅದರ ಕಟ್ಟೆಗೆ ಮೊಣಕೈ ಊರಿ, ತಲೆಯ ಮೇಲೆ ಸೆರಗೂ ಇಲ್ಲದೆ ಕೂತಿದ್ದಳು. ಡಿಸೆಂಬರಿನ ಗಾಳಿ ಅವಳ ಬಿಳಿ ಕೂದಲನ್ನು ಹಾರಿಸುತ್ತಿತ್ತು. "ಯವ್ವಾ, ಥಂಡಿ ಐತಿ, ಒಳಗ ಬಾ" ಎಂದೆ. ತಿರುಗಲಿಲ್ಲ. "ಇರ್ಲಿ ಬಿಡೋ. ಇದನ್ನ ಇಷ್ಟು ವರ್ಷ ಬೈದೇನಿ. ಸ್ವಲ್ಪ ಹೊತ್ತು ಇದರ ಜೋಡಿ ಕುಂದ್ರತೇನಿ" ಎಂದಳು. ನಾನು ಹೋಗಿ ಅವಳ ಶಾಲು ತಂದು ಹೊದಿಸಿ, ಪಕ್ಕದಲ್ಲಿ ಕೂತೆ. ಬಿಸಿಲು ಬರುವವರೆಗೆ ಇಬ್ಬರೂ ಮಾತಾಡಲಿಲ್ಲ. ನಮ್ಮ ಮನೆಯಲ್ಲಿ ಇದು ದಾಖಲೆ.

ಮಲ್ಲಿಕಸಾಬ ಒಂದು ಹಿತ್ತಾಳೆಯ ನಲ್ಲಿ ತರಲು ರಾಣೆಬೆನ್ನೂರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಈ ಕಾಗದ ಮತ್ತು ನಿನ್ನವ್ವ ಕಟ್ಟಿದ ಅಂಟಿನುಂಡೆಯ ಡಬ್ಬಿ ಕಳಿಸುತ್ತಿದ್ದೇನೆ. ಕಾಗದ ನಿನಗೆ, ಉಂಡೆ ಇಬ್ಬರಿಗೆ, ಮಲ್ಲಿಕಸಾಬನಿಗೆ ಚಹಾ. ಅಳಿಯಂದಿರಿಗೆ ನನ್ನ ನೆನಪು ಹೇಳು. ಬಸುರಿ ಮಗಳಿಗೆ ಒಳ್ಳೆಯ ನಿದ್ದೆ, ಒಳ್ಳೆಯ ಹಸಿವು, ಒಳ್ಳೆಯ ಗಾಳಿ ಸಿಗಲಿ ಎಂದು ಹಾರೈಸುವ,

ನಿನ್ನ ಅಪ್ಪ,
ಚಂದ್ರಪ್ಪ
(ವಿಜ್ಞಾನ: ಸೊನ್ನೆ)

ತಾ.ಕ.: ಮಲ್ಲಿಕಸಾಬ ಬಾಗಿಲಲ್ಲಿ ಸ್ಕೂಟರ್ ಚಾಲೂ ಮಾಡಿ ನಿಂತಿದ್ದಾನೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ನಿನ್ನ ಅಜ್ಜಿ ಕಾಗದ ಓದಿಸಿ ಕೇಳಿದಳು. ಕದರಮಂಡಲಗಿಯ ಭಾಗ ಬಂದಾಗ ನಾನು ಹಾರಿಸಲು ನೋಡಿದೆ. "ಅದನ್ನೂ ಕಳಸು, ಅಕಿಗೆ ಗೊತ್ತಾಗ್ಲಿ" ಎಂದಳು. ಆಮೇಲೆ ಬಡಿಗನನ್ನು ಕರೆಸಿ ಕಿಟಕಿಯ ಹೊರಗಿನ ಚಿಲಕ ಕಿತ್ತಿಸಿ, ಹೊರಸಿನಿಂದ ಕೈ ಚಾಚಿದರೆ ಸಿಗುವಂತೆ ಒಳಗಡೆ ಹೊಸದೊಂದು ಹಾಕಿಸಿದ್ದಾಳೆ. ಅವಳು ಹೇಳಿ ಬರೆಸಿದ್ದು, ಒಂದಕ್ಷರ ಬದಲಿಸಿಲ್ಲ: "ಕಿಟಕಿ ಎಷ್ಟ ತಗೀಬೇಕು, ಯಾವಾಗ ಮುಚ್ಚಬೇಕು ಅನ್ನೂದು ಬಾಣಂತಿ ನೋಡ್ಕೋತಾಳ. ನಾ ಕೈ ಹಚ್ಚಂಗಿಲ್ಲ. ಬಾರವಾ." ಕಿವಿಯ ಅರಳೆಯ ವಿಷಯದಲ್ಲಿ ಮಾತ್ರ ರಾಜಿ ಇಲ್ಲವಂತೆ.